ಎಲುಬಿನೊಳಗೆ ಇಟ್ಟ ಔಷಧದ ಮಣಿಗಳು: ಒಂದೂವರೆ ವರ್ಷ ಸೋರಿದ ಗಾಯದ ಕಥೆ

ಹೋದ ವಾರ ಮಂಗಳೂರಿನಲ್ಲಿ ವೈದ್ಯರು ನನ್ನ ಎಡಗಾಲಿನ ಹೊಸ ಎಕ್ಸ್‌ರೇ ನೋಡಿ, ಊರುಗೋಲನ್ನು ಇನ್ನು ದೂರದ ದಾರಿಗೆ ಮಾತ್ರ ಇಟ್ಟುಕೊಳ್ಳಿ ಎಂದರು. ವಾರ್ಡಿನಲ್ಲಿ ನನ್ನ ಜೊತೆಗಿದ್ದ ಮೂವರು ಈಗಲೂ ಫೋನ್ ಮಾಡಿ, ಆ ಬಿಳಿ ಮಣಿ ಏನು, ಎಷ್ಟು ಖರ್ಚಾಯಿತು, ವಿಮೆ ಸಿಕ್ಕಿತೇ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಪೂರ್ತಿಯಾಗಿ ಬರೆದುಬಿಡೋಣ ಎನಿಸಿತು. ಎಲುಬು ಮುರಿದು, ಆಪರೇಷನ್ ಆಗಿ, ಆಮೇಲೆ ಗಾಯ ಮುಚ್ಚದೆ ಸೋರುತ್ತಿರುವವರು ಇದನ್ನು ಕೊನೆಯವರೆಗೆ ಓದಬೇಕೆಂದು ನನ್ನ ಕೋರಿಕೆ.

2023ರ ಜುಲೈ. ಬ್ರಹ್ಮಾವರದ ಬಳಿ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮಳೆನೀರು ನಿಂತಿತ್ತು. ನೀರಿನಡಿ ಹೊಂಡವಿದ್ದುದು ಕಾಣಲಿಲ್ಲ. ಸ್ಕೂಟರ್ ಸಮೇತ ಬಿದ್ದೆ. ಎದ್ದು ನೋಡುವಾಗ ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಚರ್ಮ ಸೀಳಿ ಹೊರಗೆ ಬಂದಿತ್ತು, ಅದರ ಮೇಲೆ ಕೆಸರು. ಹತ್ತಿರದ ಆಸ್ಪತ್ರೆಯಲ್ಲಿ ಅಂದೇ ರಾತ್ರಿ ಗಾಯ ತೊಳೆದು ಎಲುಬಿನ ಉದ್ದಕ್ಕೂ ಒಳಗೆ ಸರಳು ತೂರಿಸಿದರು. ಒಂಬತ್ತನೆಯ ದಿನ ಮನೆಗೆ ಬಂದೆ. ನಾಲ್ಕು ತಿಂಗಳಲ್ಲಿ ಸಹಕಾರಿ ಸಂಘದ ಕೆಲಸಕ್ಕೂ ಹೋಗತೊಡಗಿದೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ನವೆಂಬರಿನಲ್ಲಿ ಹಳೆಯ ಗಾಯದ ತುದಿಯಲ್ಲಿ ಕಡಲೆಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು, ಹಳದಿ ನೀರು ಬಂತು. ಕ್ಲಿನಿಕ್ಕಿನಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಏಳು ದಿನ ತಿಂದೆ, ಒಣಗಿತು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಸೋರಿಕೆ. ಹೀಗೆ ಒಂದು ವರ್ಷದಲ್ಲಿ ಆರು ಸಲ ಮಾತ್ರೆಯ ಸುತ್ತು ಮುಗಿಸಿದೆ. ನೆಂಟರು ನಂಜು ಎಂದರು. ಬದನೆ ಬೇಡ, ಹಲಸು ಬೇಡ, ಸಿಗಡಿಯಂತೂ ಮುಟ್ಟಲೇಬೇಡ. ನಾನು ಎಲ್ಲವನ್ನೂ ಬಿಟ್ಟೆ, ಮೀನನ್ನೂ ಬಿಟ್ಟು ಬರಿಯ ಗಂಜಿ, ಹೆಸರುಕಾಳಿನಲ್ಲಿ ದಿನ ಕಳೆದೆ. ಗಾಯ ವಾಸಿಯಾಗಲು ದೇಹಕ್ಕೆ ಅತ್ಯಂತ ಅಗತ್ಯವಿದ್ದ ಹೊತ್ತಿನಲ್ಲೇ ಪ್ರೋಟೀನ್ ಕಡಿಮೆ ಮಾಡಿಕೊಂಡಿದ್ದೆ ಎಂದು ಆಮೇಲೆ ತಿಳಿಯಿತು.

2024ರ ಏಪ್ರಿಲಿನಲ್ಲಿ ಇನ್ನೊಂದು ಕಡೆ ಗಾಯ ತೆರೆದು ಶುಚಿ ಮಾಡಿದರು. ತೆಗೆದ ಚೂರನ್ನು ಪೂರ್ತಿಯಾಗಿ, ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣದ ಬಾಟಲಿಗೆ ಹಾಕಿ ಕಳುಹಿಸಿದರು. ‘ಕ್ಯಾನ್ಸರ್ ಅಲ್ಲ, ಉರಿಯೂತ’ ಎಂದು ವರದಿ ಬಂತು, ನಮಗೆ ಸಮಾಧಾನವಾಯಿತು. ಆದರೆ ಫಾರ್ಮಾಲಿನ್‌ನಲ್ಲಿ ರೋಗಾಣು ಸತ್ತುಹೋಗುತ್ತದೆ. ಆ ಚೂರಿನಿಂದ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಮಾಡಲು ಬರುವುದಿಲ್ಲ. ಒಂದು ಚೂರನ್ನು ಫಾರ್ಮಾಲಿನ್ ಇಲ್ಲದ, ರೋಗಾಣುರಹಿತ ಬಾಟಲಿಯಲ್ಲಿ ಮೈಕ್ರೋಬಯಾಲಜಿ ವಿಭಾಗಕ್ಕೆ ಕಳುಹಿಸಿದ್ದರೆ ನನಗೆ ಎಂಟು ತಿಂಗಳು ಉಳಿಯುತ್ತಿತ್ತು. ನಿಮ್ಮ ಗಾಯ ತೆರೆಯುವ ಮೊದಲೇ ಕೇಳಿ: ಕಲ್ಚರಿಗೂ ಕಳುಹಿಸುತ್ತೀರಾ? ಈ ಒಂದು ಪ್ರಶ್ನೆ ಕೇಳಲು ಸಂಕೋಚ ಬೇಡ.

2025ರ ಜನವರಿಯಲ್ಲಿ ತಮ್ಮನ ಒತ್ತಾಯದಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ನಮ್ಮಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಪಡುಬಿದ್ರಿ ದಾಟುವಷ್ಟರಲ್ಲಿ ಪಾದ ಊದಿಕೊಳ್ಳುತ್ತಿತ್ತು. ಹಾಗಾಗಿ ಮುಂದಿನ ಸಲದಿಂದ ಬಾಡಿಗೆ ಕಾರು. ಹೋಗಿಬರಲು ಪ್ರತಿಸಲ 3,000 ರೂಪಾಯಿ. ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಹದಿನಾಲ್ಕು ಸಲ ಹೋದವಳಿಗೆ ಮಾತ್ರ ಗೊತ್ತು.

ಅಂದು ನಮ್ಮನ್ನು ಕಾಪಾಡಿದ್ದು ಅತ್ತೆಯ ಕ್ಯಾಲೆಂಡರ್. ಅವರು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನನ್ನ ಬ್ಯಾಂಡೇಜು ಒದ್ದೆಯಾದ ದಿನಕ್ಕೆ ಒಂದು ಸುತ್ತು, ಮಾತ್ರೆ ಶುರುವಾದ ದಿನಕ್ಕೆ ಒಂದು ಗೀಟು ಹಾಕುತ್ತಾ ಬಂದಿದ್ದರು. ಹೊರಡುವಾಗ ಅದನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದರು. ವೈದ್ಯರು ನನ್ನ ದಪ್ಪ ಫೈಲನ್ನು ಪಕ್ಕಕ್ಕಿಟ್ಟು ಆ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಗೀಟು, ಆಮೇಲೆ ಹತ್ತು ಹನ್ನೆರಡು ದಿನ ಖಾಲಿ, ಮತ್ತೆ ಸುತ್ತುಗಳ ಸಾಲು. ಪ್ರತಿ ಸಲವೂ ಅದೇ. "ಅಮ್ಮಾ, ರೋಗ ಎಲ್ಲಿದೆ ಎಂದು ಇದರಲ್ಲೇ ಬರೆದಿದ್ದೀರಿ" ಎಂದರು.

ಅವರು ವಿವರಿಸಿದ್ದು ಇಷ್ಟು. ಸರಳಿನ ಸುತ್ತ ಎಲುಬಿನ ಒಂದು ಭಾಗ ಸತ್ತಿದೆ. ಸತ್ತ ಎಲುಬಿಗೆ ರಕ್ತನಾಳವಿಲ್ಲ. ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ರಕ್ತದ ಮೂಲಕವೇ ಹೋಗಬೇಕು, ರಕ್ತ ಹೋಗದ ಜಾಗಕ್ಕೆ ಔಷಧ ಹೇಗೆ ಹೋದೀತು? ಅದರ ಮೇಲೆ ರೋಗಾಣುಗಳು ಸರಳಿಗೂ ಸತ್ತ ಎಲುಬಿಗೂ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಬಾವಿಯ ಮೆಟ್ಟಿಲ ಮೇಲಿನ ಪಾಚಿಯನ್ನು ನೀರು ಸುರಿದು ತೊಳೆಯಲಾಗುವುದಿಲ್ಲ, ಕೆರೆದೇ ತೆಗೆಯಬೇಕು, ಹಾಗೆ. ಸತ್ತ ಭಾಗ ಹೊರಗೆ ಬರಬೇಕು, ಖಾಲಿಯಾದ ಜಾಗಕ್ಕೆ ಔಷಧವನ್ನು ನೇರವಾಗಿ ಇಡಬೇಕು, ಆಮೇಲೆ ಅಲ್ಲಿ ಹೊಸ ಎಲುಬು ಬೆಳೆಯಬೇಕು. ಎರಡು ಆಪರೇಷನ್, ನಡುವೆ ಆರೇಳು ವಾರ.

ಆದರೆ ಯಾವ ಔಷಧ ಇಡುವುದು? ಅದಕ್ಕೆ ರೋಗಾಣುವಿನ ಹೆಸರು ಗೊತ್ತಾಗಬೇಕು. ಗಾಯದ ಬಾಯಿಯಿಂದ ಹತ್ತಿಕಡ್ಡಿಯಲ್ಲಿ ತೆಗೆದ ಕೀವನ್ನು ನಂಬುವಂತಿಲ್ಲ, ಚರ್ಮದ ಮೇಲಿನ ರೋಗಾಣುಗಳೂ ಅದರಲ್ಲಿ ಸೇರಿರುತ್ತವೆ. ಒಳಗಿನ ಎಲುಬಿನಿಂದಲೇ ಚೂರು ತೆಗೆಯಬೇಕು, ಅದೂ ಒಂದಲ್ಲ, ಐದು ಕಡೆಯಿಂದ, ಪ್ರತಿಯೊಂದಕ್ಕೂ ಬೇರೆ ಬೇರೆ ಉಪಕರಣ ಬಳಸಿ. ಅದಕ್ಕೂ ಎರಡು ವಾರ ಮೊದಲು ಎಲ್ಲ ಆ್ಯಂಟಿಬಯೋಟಿಕ್ ನಿಲ್ಲಿಸಬೇಕು, ಇಲ್ಲದಿದ್ದರೆ ರೋಗಾಣು ಅರೆಜೀವವಾಗಿ ಕಲ್ಚರಿನಲ್ಲಿ ಬೆಳೆಯದೆ ಹೋಗಬಹುದು.

ಮಾತ್ರೆ ನಿಲ್ಲಿಸಿದ ಆ ಹದಿನಾಲ್ಕು ದಿನಗಳು ಆಪರೇಷನ್ನಿಗಿಂತ ಕಷ್ಟವಾಗಿದ್ದವು. ಐದನೆಯ ದಿನದಿಂದಲೇ ಬ್ಯಾಂಡೇಜು ನೆನೆಯತೊಡಗಿತು. ಒಂದು ರಾತ್ರಿ ಮೈ ಬಿಸಿಯಾಯಿತು. ಡಬ್ಬದಲ್ಲಿ ಉಳಿದಿದ್ದ ನಾಲ್ಕು ಮಾತ್ರೆಗಳನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಮಸ್ಕತ್ತಿನಲ್ಲಿರುವ ಗಂಡ ಫೋನಿನಲ್ಲಿ, ವೈದ್ಯರನ್ನು ಕೇಳದೆ ನುಂಗಬೇಡ ಎಂದು ಪದೇ ಪದೇ ಹೇಳಿದರು. ಆಸ್ಪತ್ರೆಗೆ ಫೋನ್ ಮಾಡಿದೆವು. 101 ಡಿಗ್ರಿ ದಾಟಿದರೆ, ನಡುಕ ಬಂದರೆ ಕೂಡಲೇ ಬನ್ನಿ, ಇಲ್ಲದಿದ್ದರೆ ತಡೆದುಕೊಳ್ಳಿ ಎಂದರು. ತಡೆದುಕೊಂಡೆ. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಮಾತ್ರೆ ನಿಲ್ಲಿಸುವ ನಿರ್ಧಾರ ವೈದ್ಯರದ್ದೇ ಆಗಿರಬೇಕು, ನೀವಾಗಿ ಮಾಡಬೇಡಿ.

ಇದೇ ಹದಿನಾಲ್ಕು ದಿನಗಳಲ್ಲಿ ಇನ್ನೊಂದು ವಿಷಯ ಬಯಲಾಯಿತು. ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ 7.9 ಬಂತು. ನನಗೆ ಮಧುಮೇಹವಿದೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಇನ್ಸುಲಿನ್ ಶುರುವಾಯಿತು. ಊಟದ ಪಟ್ಟಿಯಲ್ಲಿ ಡಯಟೀಷಿಯನ್ ಬೂತಾಯಿ, ಬಂಗುಡೆ, ಮೊಟ್ಟೆ ಎಂದು ಬರೆದುದನ್ನು ನೋಡಿ ಅತ್ತೆ, "ನಂಜಾಗುವುದಿಲ್ಲವಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮರುದಿನವೇ ಬಂಗುಡೆ ಪುಳಿಮುಂಚಿ ಮಾಡಿ ಬಡಿಸಿದರು. ಹದಿನಾಲ್ಕು ತಿಂಗಳ ನಂತರದ ಮೊದಲ ಮೀನು.

ಫೆಬ್ರವರಿಯಲ್ಲಿ ಮೊದಲ ಆಪರೇಷನ್. ಸರಳು ತೆಗೆದರು, ಸತ್ತ ಎಲುಬು ಕೆತ್ತಿದರು. ನಾಲ್ಕು ಸೆಂಟಿಮೀಟರ್ ಎಲುಬೇ ಇಲ್ಲದಂತಾಯಿತು. ಆ ಜಾಗಕ್ಕೆ ಆ್ಯಂಟಿಬಯೋಟಿಕ್ ಪುಡಿ ಬೆರೆಸಿದ ಬೋನ್ ಸಿಮೆಂಟಿನ ಒಂದು ತುಂಡು, ಹೊರಗಿನಿಂದ ಕಾಲನ್ನು ಹಿಡಿದಿಡಲು ಸರಳುಗಳ ಚೌಕಟ್ಟು. ಸಿಮೆಂಟಿನಿಂದ ಔಷಧ ಮೊದಲ ಕೆಲವು ದಿನ ಚೆನ್ನಾಗಿ ಹೊರಬರುತ್ತದೆ, ಆಮೇಲೆ ಬಹುಪಾಲು ಒಳಗೇ ಸಿಕ್ಕಿಬಿದ್ದಿರುತ್ತದೆ. ಹಾಗಾದರೆ ಏಳು ವಾರ ಯಾಕೆ ಬಿಡಬೇಕು ಎಂದು ಕೇಳಿದೆ. ಆ ತುಂಡಿನ ಸುತ್ತ ದೇಹ ತಾನಾಗಿ ಒಂದು ತೆಳು ಪೊರೆ ಕಟ್ಟುತ್ತದಂತೆ, ಹಲಸಿನ ಬೀಜದ ಸುತ್ತ ಇರುವ ಪೊರೆಯ ಹಾಗೆ. ಅದರಲ್ಲಿ ರಕ್ತನಾಳಗಳಿರುತ್ತವೆ, ಎಲುಬು ಬೆಳೆಸುವ ಅಂಶಗಳನ್ನು ಅದೇ ಸ್ರವಿಸುತ್ತದೆ. ಮುಂದೆ ಆ ಜಾಗದಲ್ಲಿ ಇಡುವ ಎಲುಬಿನ ಕಸಿಗೆ ಅದೇ ಚೀಲ. ಮಾಸ್ಕೆಲೆ ಎಂಬ ಫ್ರೆಂಚ್ ಶಸ್ತ್ರಚಿಕಿತ್ಸಕರು 1980ರ ದಶಕದಲ್ಲಿ ಕಂಡುಕೊಂಡ ವಿಧಾನವಿದು.

ಎಲುಬಿನಿಂದ ತೆಗೆದ ಐದು ಚೂರುಗಳಲ್ಲಿ ನಾಲ್ಕರಲ್ಲಿ ಒಂದೇ ರೋಗಾಣು ಬೆಳೆಯಿತು: ಸ್ಟ್ಯಾಫಿಲೊಕಾಕಸ್ ಆರಿಯಸ್, ಅದರಲ್ಲೂ ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬಗೆ. ಕ್ಷಯದ ಪರೀಕ್ಷೆಯನ್ನೂ ಮಾಡಿದ್ದರು, ಅದು ಇರಲಿಲ್ಲ. ನಾನು ಒಂದು ವರ್ಷ ತಿಂದ ಅಮಾಕ್ಸಿಸಿಲಿನ್ ಜಾತಿಯ ಮಾತ್ರೆಗಳು ಈ ರೋಗಾಣುವಿಗೆ ನಾಟುವುದೇ ಇಲ್ಲ ಎಂದು ವರದಿಯಲ್ಲಿ ಅಚ್ಚಾಗಿತ್ತು. ಆ ಕಾಗದವನ್ನು ಹಿಡಿದು ವಾರ್ಡಿನಲ್ಲಿ ಅತ್ತುಬಿಟ್ಟೆ. ಒಂದು ಹೆಸರು ಗೊತ್ತಿಲ್ಲದ್ದಕ್ಕೆ ಒಂದು ವರ್ಷ.

ಅಲ್ಲಿಂದ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ರಕ್ತನಾಳದ ಮೂಲಕ ಎರಡು ವಾರ, ಮನೆಗೆ ಬಂದ ಮೇಲೆ ಲಿನೆಝೊಲಿಡ್ ಮಾತ್ರೆ ನಾಲ್ಕು ವಾರ. ಮೊದಲನೆಯದು ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು, ಎರಡನೆಯದು ರಕ್ತಕಣಗಳನ್ನು ಕಡಿಮೆ ಮಾಡಬಹುದು. ಆದ್ದರಿಂದ ಪ್ರತಿ ವಾರ ರಕ್ತಪರೀಕ್ಷೆ ಮಾಡಿಸಿ ವರದಿಯನ್ನು ಮೊಬೈಲಿನಲ್ಲಿ ಕಳುಹಿಸುತ್ತಿದ್ದೆವು; ಇದಕ್ಕಾಗಿ ಮಂಗಳೂರಿಗೆ ಹೋಗಬೇಕಿಲ್ಲ, ಊರಿನ ಲ್ಯಾಬ್ ಸಾಕು. ಚೌಕಟ್ಟಿನ ಸರಳು ಚರ್ಮಕ್ಕೆ ಹೊಕ್ಕ ಜಾಗವನ್ನು ದಿನವೂ ಸಲೈನಿನಲ್ಲಿ ಒರೆಸಬೇಕು. ನೈಟಿಯ ಒಂದು ಬದಿಯನ್ನು ಮೊಣಕಾಲಿನವರೆಗೆ ಬಿಚ್ಚಿ ಟಿಕ್‌ಟಿಕ್ ಗುಂಡಿ ಹೊಲಿಸಿಕೊಂಡೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಶೌಚಾಲಯಕ್ಕೆ ಇಟ್ಟೆವು. ಇವೆರಡನ್ನೂ ಆಪರೇಷನ್ನಿಗೆ ಹೋಗುವ ಮೊದಲೇ ಮಾಡಿಟ್ಟುಕೊಳ್ಳಿ.

ಏಪ್ರಿಲಿನ ಎರಡನೆಯ ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರದಲ್ಲಿ ಒಂದು ಹೊಸ ಸಾಲಿತ್ತು: ಕ್ಯಾಲ್ಸಿಯಂ ಸಲ್ಫೇಟ್ ಮಣಿಗಳಲ್ಲಿ ವ್ಯಾಂಕೊಮೈಸಿನ್ ಬೆರೆಸಿ ಎಲುಬಿನ ಸುತ್ತ ಇಡಲಾಗುವುದು. ಏನಿದು ಎಂದು ಕೇಳಿದಾಗ ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. ಮನೆ ಕಟ್ಟುವಾಗ ಗೋಡೆಗೆ ಸಾರುವೆ ಕಟ್ಟುತ್ತೇವಲ್ಲ, ಗೋಡೆ ನಿಂತ ಮೇಲೆ ಅದನ್ನು ಬಿಚ್ಚುತ್ತೇವೆ. ಸೊಂಟದ ಎಲುಬಿನಿಂದ ತೆಗೆದ ಕಸಿ ಮತ್ತು ಟ್ರೈಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಈ ಸಾರುವೆ; ಹರಳುಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದು ಅವುಗಳ ಮೂಲಕ ರಕ್ತನಾಳ, ಜೀವಕೋಶ ನುಗ್ಗಿ ಹೊಸ ಎಲುಬು ಕಟ್ಟುತ್ತವೆ, ಹರಳು ನಿಧಾನವಾಗಿ ಕರಗುತ್ತದೆ. ಮಣಿಗಳು ಕಾವಲು. ಅವು ಕೆಲವು ವಾರಗಳಲ್ಲಿ ಕರಗುತ್ತಾ ಔಷಧವನ್ನು ಅಲ್ಲೇ ಬಿಡುತ್ತವೆ. ಇಂಜೆಕ್ಷನ್ನಿನಿಂದ ಸಾಧ್ಯವಾಗದಷ್ಟು ಗಾಢವಾಗಿ ಗಾಯದೊಳಗೆ ಔಷಧ ಇರುತ್ತದೆ, ರಕ್ತಕ್ಕೆ ಸೇರುವುದು ಮಾತ್ರ ಅಲ್ಪ. ಸಿಮೆಂಟಿನ ಹಾಗೆ ಮತ್ತೊಮ್ಮೆ ತೆರೆದು ತೆಗೆಯಬೇಕಿಲ್ಲ.

ಇದು ನನ್ನ ಮೇಲೆ ಮಾಡುವ ಪ್ರಯೋಗವೇ ಎಂದು ಅತ್ತೆ ನೇರವಾಗಿಯೇ ಕೇಳಿದರು. ವೈದ್ಯರು ಬೇಸರಪಟ್ಟುಕೊಳ್ಳಲಿಲ್ಲ. ಕ್ಯಾಲ್ಸಿಯಂ ಸಲ್ಫೇಟ್ ಎಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಶುದ್ಧ ರೂಪ. ಜರ್ಮನಿಯಲ್ಲಿ ಡ್ರೀಸ್‌ಮನ್ ಎಂಬವರು 1892ರಲ್ಲೇ ಎಲುಬಿನ ಗುಳಿಗಳನ್ನು ಅದರಿಂದ ತುಂಬಿದ್ದರು, ರೋಗಾಣು ಕೊಲ್ಲಲು ಕಾರ್ಬಾಲಿಕ್ ದ್ರಾವಣವನ್ನೂ ಬೆರೆಸಿದ್ದರು ಎಂದು ಹೇಳಿದರು. ಬೆಳವಣಿಗೆಯ ಪ್ರೋಟೀನ್‌ಗಳನ್ನು ಹಂತಹಂತವಾಗಿ ಬಿಡುವ, ತ್ರಿಡಿ ಮುದ್ರಣದ ಸಾರುವೆಗಳ ಬಗ್ಗೆ ನಾನು ಮೊಬೈಲಿನಲ್ಲಿ ಓದಿದ್ದನ್ನು ಕೇಳಿದೆ. ಅವುಗಳಲ್ಲಿ ಬಹಳಷ್ಟು ಇನ್ನೂ ಪ್ರಯೋಗಾಲಯದಲ್ಲಿವೆ, ನಿಮ್ಮ ಕಾಲಿಗೆ ಈಗ ಬೇಕಾದದ್ದು ಇದು ಎಂದರು. ಆ ನೇರ ಮಾತಿನಿಂದ ನನಗೆ ಧೈರ್ಯ ಬಂತು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ನಾನು ಎಚ್ಚರವಾಗಿದ್ದೆ. ಹಸಿರು ಬಟ್ಟೆಯ ಪರದೆಯಾಚೆ ನಡೆಯುವುದು ಕಾಣುತ್ತಿರಲಿಲ್ಲ, ಆದರೆ ಬದಿಯ ಮೇಜು ಕಾಣುತ್ತಿತ್ತು. ನರ್ಸ್ ಬಟ್ಟಲಿಗೆ ಬಿಳಿ ಪುಡಿ ಸುರಿದು, ಸಣ್ಣ ಸೀಸೆಯ ಔಷಧದ ಪುಡಿ ಸೇರಿಸಿ, ದ್ರಾವಣ ಹನಿಸಿ ಕಲಸಿದರು. ಅಪ್ಪದ ಕಾವಲಿಯ ಹಾಗೆ ಸಾಲುಸಾಲು ಗುಳಿಗಳಿದ್ದ ರಬ್ಬರ್ ಹಾಸಿನ ಮೇಲೆ ಆ ಹಿಟ್ಟನ್ನು ಚಮಚದ ಬೆನ್ನಿನಿಂದ ತೀಡಿದರು. ಗೋಡೆ ಗಡಿಯಾರ ನೋಡುತ್ತಾ ಕಾದರು. ಆಮೇಲೆ ಹಾಸನ್ನು ಬಗ್ಗಿಸಿದಾಗ ಸಾಬಕ್ಕಿಗಿಂತ ತುಸು ದೊಡ್ಡ ಮಣಿಗಳು ತಟ್ಟೆಗೆ ಟಣಟಣ ಉದುರಿದವು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಹೊರಗಿನ ಚೌಕಟ್ಟನ್ನು ತೆಗೆದು ಒಳಗೆ ಪ್ಲೇಟು ಹಾಕಿದರು. ಮರುದಿನದ ಎಕ್ಸ್‌ರೇಯಲ್ಲಿ ಎಲುಬಿನ ಸುತ್ತ ಮುತ್ತಿನ ಸರ ಹರಿದು ಚೆಲ್ಲಿದ ಹಾಗೆ ಕಾಣುತ್ತಿತ್ತು. ನೋವು ಕಾಲಿಗಿಂತ ಕಸಿ ತೆಗೆದ ಸೊಂಟದಲ್ಲೇ ಹೆಚ್ಚು. ಹತ್ತು ದಿನ ಮಗ್ಗುಲಾಗಲು ಬಿಡಲಿಲ್ಲ.

ಮನೆಗೆ ಬಂದ ನಾಲ್ಕನೆಯ ರಾತ್ರಿ ಬ್ಯಾಂಡೇಜು ಮತ್ತೆ ಒದ್ದೆ. ಬಿಚ್ಚಿದರೆ ಅಕ್ಕಿ ತೊಳೆದ ನೀರಿನಂಥ ಬಿಳಿ ದ್ರವ. ಇಷ್ಟೆಲ್ಲ ಮಾಡಿಯೂ ಕೀವು ಬಂತಲ್ಲ ಎಂದು ಎದೆ ಕುಸಿಯಿತು. ಮಧ್ಯರಾತ್ರಿ ತಮ್ಮ ಕಾರು ತಂದ. ಹೆಜಮಾಡಿ ಟೋಲಿನ ಬೆಳಕಿನಲ್ಲಿ ಅತ್ತೆಯ ಕೈ ನಡುಗುತ್ತಿದ್ದುದನ್ನು ಕಂಡೆ. ತುರ್ತು ವಿಭಾಗದ ಕಿರಿಯ ವೈದ್ಯರಿಗೂ ಸಂಶಯ. ಗಾಯ ತೆರೆಯಬೇಕಾಗಬಹುದು ಎಂದರು. ಬೆಳಿಗ್ಗೆ ನಮ್ಮ ವೈದ್ಯರು ಬಂದು ನೋಡಿ, ಇದು ಮಣಿ ಕರಗಿದ ನೀರು, ಕೆಲವರಿಗೆ ಹೀಗಾಗುತ್ತದೆ ಎಂದರು. ಆದರೂ ಕಲ್ಚರಿಗೆ ಕಳುಹಿಸಿದರು, ರಕ್ತದ ಕ್ಯಾಲ್ಸಿಯಂ ನೋಡಿದರು. ಎರಡೂ ಸರಿಯಿದ್ದವು. ಮೂರು ವಾರದಲ್ಲಿ ತಾನಾಗಿ ನಿಂತಿತು. ಜ್ವರ, ದುರ್ವಾಸನೆ, ಸುತ್ತ ಕೆಂಪು, ದಪ್ಪ ಹಳದಿ ಬಣ್ಣ ಇದ್ದರೆ ಅದು ಬೇರೆ ಕಥೆ, ಆಗ ಕಾಯಲೇಬಾರದು. ಮಣಿ ಇಡಿಸಿಕೊಳ್ಳುವವರು ಡಿಸ್ಚಾರ್ಜ್ ಆಗುವಾಗಲೇ ಈ ಬಿಳಿ ನೀರಿನ ಬಗ್ಗೆ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮಗೆ ಯಾರೂ ಹೇಳಿರಲಿಲ್ಲ.

ಖರ್ಚಿನ ವಿಷಯ. ಮೊದಲ ಆಪರೇಷನ್ 1,85,000 ರೂಪಾಯಿ, ಎರಡನೆಯದು 2,40,000. ಅದರಲ್ಲಿ ಮಣಿಯ ಕಿಟ್ ಒಂದಕ್ಕೇ 38,000. ನಮ್ಮ ಸಂಘದ ಗುಂಪು ವಿಮೆಯ ಮಿತಿ ಮೂರು ಲಕ್ಷ. ವಿಮೆಯವರು ಮಣಿಯ ಹಣವನ್ನು ತಡೆಹಿಡಿದರು: ಇದು ಔಷಧವೋ ಇಂಪ್ಲಾಂಟೋ (ದೇಹದೊಳಗೆ ಕೂರಿಸುವ ವಸ್ತುವೋ), ಪ್ರಯೋಗದ ಹಂತದ ಚಿಕಿತ್ಸೆಯೋ ಎಂಬ ಪ್ರಶ್ನೆ. ಬಿಲ್ಲಿನಲ್ಲಿ ಮಣಿಯ ಪುಡಿ ಇಂಪ್ಲಾಂಟ್ ಪಟ್ಟಿಯಲ್ಲೂ, ವ್ಯಾಂಕೊಮೈಸಿನ್ ಔಷಧದ ಪಟ್ಟಿಯಲ್ಲೂ ಇತ್ತು. ಕಿಟ್ ಪೆಟ್ಟಿಗೆಯ ಸ್ಟಿಕ್ಕರ್ ಕೊಡಿ ಎಂದರು. ಅದನ್ನು ಆಪರೇಷನ್ ಥಿಯೇಟರಿನಲ್ಲಿ ಕೇಸ್ ಶೀಟಿಗೆ ಅಂಟಿಸಿದ್ದರು. ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಪ್ರತಿ ಕೈಗೆ ಸಿಗಲು ಆರು ದಿನ. ವೈದ್ಯರು ಎರಡು ಪುಟದ ಪತ್ರ ಬರೆದುಕೊಟ್ಟರು: ರೋಗಾಣುವಿನ ವರದಿ, ಮಾತ್ರೆಗಳು ಸೋತ ಚರಿತ್ರೆ, ಮಣಿ ಯಾಕೆ ಅನಿವಾರ್ಯ ಎಂಬ ಕಾರಣ. ಅದರ ಜೊತೆ ಅತ್ತೆಯ ಕ್ಯಾಲೆಂಡರಿನ ಜೆರಾಕ್ಸನ್ನೂ ಇಟ್ಟೆ. ಎರಡು ತಿಂಗಳ ಮೇಲೆ ಕಿಟ್ಟಿನ ಹಣ ಬಂತು. ಮಿತಿ ದಾಟಿದ ಒಂದೂಕಾಲು ಲಕ್ಷವನ್ನು ಬಳೆ ಅಡವಿಟ್ಟು ಕಟ್ಟಿದ್ದೇವೆ. ಸ್ಟಿಕ್ಕರಿನ ಒಂದು ಫೋಟೋವನ್ನು ಆಪರೇಷನ್ ದಿನವೇ ಕೇಳಿ ತೆಗೆಸಿಕೊಳ್ಳಿ, ಮೂಲ ಬಿಲ್ಲುಗಳನ್ನು ವಿಮೆಯವರಿಗೆ ಕೊಡುವ ಮೊದಲು ಎರಡು ಜೊತೆ ಪ್ರತಿ ಮಾಡಿಡಿ.

ಆರನೆಯ ವಾರದ ಎಕ್ಸ್‌ರೇಯಲ್ಲಿ ಮಣಿಗಳು ಮಸುಕಾಗಿದ್ದವು. ಹತ್ತನೆಯ ವಾರ ಒಂದೂ ಇರಲಿಲ್ಲ, ಆ ಜಾಗದಲ್ಲಿ ಮಂಜಿನಂಥ ಬಿಳುಪು. ವೈದ್ಯರು ಅದರ ಅಂಚಿನ ಮೇಲೆ ಪೆನ್ನಿನ ತುದಿ ಓಡಿಸಿ, ಇದು ನಿಮ್ಮದೇ ಎಲುಬು ಎಂದರು. ಸೆಪ್ಟೆಂಬರಿನಲ್ಲಿ ಅರ್ಧ ಭಾರ, ನವೆಂಬರಿನಲ್ಲಿ ಪೂರ್ತಿ ಭಾರ ಹಾಕಿದೆ. ಕಾಲು ಒಂದು ಸೆಂಟಿಮೀಟರ್ ಗಿಡ್ಡವಾಗಿದೆ. ಎಡ ಚಪ್ಪಲಿಗೆ ಹಿಮ್ಮಡಿಯಲ್ಲಿ ಒಂದು ಪದರ ಕೂರಿಸಿಕೊಂಡಿದ್ದೇನೆ.

ಎಲುಬಿನ ಸೋಂಕು ವರ್ಷಗಳ ನಂತರವೂ ಮರುಕಳಿಸಬಹುದು ಎಂದು ಎಚ್ಚರಿಸಿದ್ದಾರೆ. ಮುಂದಿನ ಭೇಟಿ ಫೆಬ್ರವರಿಯಲ್ಲಿ. ಫೈಲು ಸಿದ್ಧವಾಗಿದೆ. ಅದರ ಮೇಲೆ ಅತ್ತೆ 2025ರ ಕ್ಯಾಲೆಂಡರನ್ನು ಮಡಚಿ ಇಟ್ಟಿದ್ದಾರೆ. ಮೇ ತಿಂಗಳ ನಡುವಿನಿಂದ ಈಚೆಗೆ ಅದರಲ್ಲಿ ಹಾಲಿನ ಲೆಕ್ಕವಷ್ಟೇ ಇದೆ.